ಕುರ್ಚಿಯ ಕೈ

ವಿಲ್‌ಫ್ರೆಡ್ ಓಕ್‌ಶಾಟ್‌ನನ್ನು ಮಣ್ಣು ಮಾಡಿದ ದಿನ ಮಾರ್ಜರಿ ಟಿಂಡಲ್ ಆಡಬಾರದ ಮಾತೊಂದನ್ನು ಆಡಿಬಿಟ್ಟಳು. ಜನವರಿಯ ಚಳಿಗೆ ಎಲ್ಲರ ಮೂಗೂ ಕೆಂಪಾಗಿತ್ತು. ಚರ್ಚಿನ ಬಾಗಿಲಲ್ಲಿ ಅವನ ಹೆಂಡತಿ ಈನಿಡ್ ಒಬ್ಬಳೇ ನಿಂತಿದ್ದಳು. ಮಾರ್ಜರಿ ಹೋಗಿ ಅವಳ ಕೈ ಹಿಡಿದುಕೊಂಡಳು, ಏನು ಹೇಳಬೇಕೋ ತೋಚಲಿಲ್ಲ.

"ಕೊಳದ ಹತ್ರ ಅವನ ಹೆಸರಲ್ಲಿ ಒಂದು ಬೆಂಚು ಹಾಕಿಸ್ತೀವಿ ಕಣೇ," ಅಂದಳು.

ಈನಿಡ್ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.

ಬೇರೆ ಯಾರಾದರೂ ಹೇಳಿದ್ದರೆ ಅದು ಸಮಾಧಾನದ ಮಾತು ಅಂತ ಗಾಳಿಗೆ ಹೋಗುತ್ತಿತ್ತು. ಆದರೆ ಮಾರ್ಜರಿ ಬ್ರಾಡ್‌ಬಿ ಎಂಬ ಆ ಇಂಗ್ಲಿಷ್ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ನ, ಅಂದರೆ ಊರ ಪಂಚಾಯಿತಿಯ, ಅಧ್ಯಕ್ಷೆ. ಊರಿನ ಹುಲ್ಲುಬಯಲು, ಕೊಳ, ಬಸ್ ನಿಲ್ದಾಣದ ಮಾಡು, ನಾಯಿ ಹೇಲಿನ ಡಬ್ಬಿ, ಇಷ್ಟಕ್ಕೂ ಒಡೆಯರು ಆ ಕೌನ್ಸಿಲ್‌ನವರು. ಒಡೆಯರು ಅಂದರೆ ಸಭೆ ಸೇರಿದಾಗ ಮಾತ್ರ ಒಡೆಯರು. ಅಧ್ಯಕ್ಷೆ ಒಬ್ಬಳೇ ನಿಂತು ಒಂದು ಡಬ್ಬಿಯ ಮುಚ್ಚಳ ಬದಲಾಯಿಸುತ್ತೇನೆ ಅಂತಲೂ ಮಾತು ಕೊಡುವ ಹಾಗಿಲ್ಲ. ಇದನ್ನು ಹನ್ನೊಂದು ವರ್ಷದಿಂದ ಬಲ್ಲವಳು ಮಾರ್ಜರಿ. ಬಲ್ಲವಳೇ ಆಡಿದ್ದಳು.

ಅದಕ್ಕಿಂತ ದೊಡ್ಡ ಫಜೀತಿ ಮನೆಗೆ ಬಂದು ಬೂಟು ಕಳಚುವಾಗ ನೆನಪಾಯಿತು. ಹುಲ್ಲುಬಯಲಲ್ಲಿ ಆಗಲೇ ಐದು ಬೆಂಚುಗಳಿದ್ದವು, ಐದರ ಮೇಲೂ ಸತ್ತವರ ಹೆಸರು. ಆರನೆಯದು ಕೂಡದು ಅಂತ ಕೌನ್ಸಿಲ್ಲೇ ಒಂದು ನಿಯಮ ಮಾಡಿಟ್ಟಿತ್ತು. ಆ ನಿಯಮ ಆಗಲೇಬೇಕು ಅಂತ ಎರಡು ವರ್ಷ ಬೆನ್ನುಬಿದ್ದು ಮಾಡಿಸಿದವನು ಬೇರಾರೂ ಅಲ್ಲ, ವಿಲ್‌ಫ್ರೆಡ್ ಓಕ್‌ಶಾಟ್.

"ಇದೇನು ಹುಲ್ಲುಬಯಲೋ, ಇಲ್ಲ ಚರ್ಚಿನ ಹಿತ್ತಲೋ?" ಅಂತ ಆಗ ಅವನು ಕೇಳಿದ್ದ. "ಸತ್ತೋರೆಲ್ಲ ಬಂದು ಕೊಳ ನೋಡ್ತಾ ಕೂತ್ರೆ ಬದುಕಿರೋ ಮಕ್ಕಳು ಎಲ್ಲಿ ಚೆಂಡಾಡ್ಬೇಕು?"

ವಿಲ್‌ಫ್ರೆಡ್ ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು. ಕೌನ್ಸಿಲ್ ಸದಸ್ಯನಾಗು ಅಂದರೆ ಒಲ್ಲೆ ಅನ್ನುತ್ತಿದ್ದ. ಆದರೆ ತಿಂಗಳ ಮೊದಲ ಮಂಗಳವಾರದ ಸಭೆಗೆ ಮೂವತ್ತು ವರ್ಷ ತಪ್ಪದೆ ಬಂದ. ಸಭೆಯ ಶುರುವಿನಲ್ಲಿ ಕಾಲು ಗಂಟೆ ಸಾರ್ವಜನಿಕರಿಗೆ ಮೀಸಲು. ಬ್ರಾಡ್‌ಬಿಯಲ್ಲಿ ಸಾರ್ವಜನಿಕರು ಅಂದರೆ ವಿಲ್‌ಫ್ರೆಡ್ ಒಬ್ಬನೇ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮನೆಯಿಂದ ತಂದ ಮೆತ್ತೆ. ಗೋಡೆಯ ಹೀಟರ್ ಪಕ್ಕದ ಕುರ್ಚಿಯಲ್ಲಿ ಮೆತ್ತೆ ಹಾಸಿ ಕೂತರೆ ಕೊನೆಯ ಸೆಕೆಂಡಿನವರೆಗೂ ಆಕ್ಷೇಪಣೆ. ಪಬ್ಬಿನ ಮಿನುಗುವ ಬೋರ್ಡಿಗೆ ಆಕ್ಷೇಪಣೆ, ಸಭಾಭವನದ ಮಾಡಿನ ಬಣ್ಣಕ್ಕೆ ಆಕ್ಷೇಪಣೆ, ಕೊಳದ ಬಾತುಗಳಿಗೆ ಬ್ರೆಡ್ಡು ಹಾಕುವುದಕ್ಕೆ ಆಕ್ಷೇಪಣೆ. ಸದಸ್ಯರು ಚಾವಣಿ ನೋಡುತ್ತಿದ್ದರು. ನಡಾವಳಿ ಬರೆಯುವ ಕಾರ್ಯದರ್ಶಿ ಫಿಲಿಪಾ, ಹಿಂದಿನಿಂದ ಬಂದ ಪದ್ಧತಿಯಂತೆ, "ಸಾರ್ವಜನಿಕರೊಬ್ಬರು ಆಕ್ಷೇಪಿಸಿದರು" ಅಂತ ಒಂದು ಸಾಲು ಗೀಚುತ್ತಿದ್ದಳು. ಅಷ್ಟೂ ವರ್ಷದಲ್ಲಿ ಅವನ ಹೆಸರು ಅದರಲ್ಲಿ ಒಮ್ಮೆಯೂ ಬಂದದ್ದಿಲ್ಲ.

ಮಾರ್ಜರಿಗೆ ಅವನ ಮೇಲೆ ಸಿಟ್ಟಿತ್ತು ಅಂದರೆ ಸುಳ್ಳಲ್ಲ. ಅವಳು ಅಧ್ಯಕ್ಷೆಯಾದ ಮೊದಲ ವರ್ಷ, ಐವರಲ್ಲಿ ಒಬ್ಬರು ಬಾರದಿದ್ದ ದಿನ, ಬಸ್ ನಿಲ್ದಾಣಕ್ಕೆ ಹಸಿರು ಬಣ್ಣವೋ ಕಂದೋ ಅಂತ ಮತ ಸಮಸಮ ಬಿತ್ತು. ಹಾಗಾದಾಗ ಅಧ್ಯಕ್ಷರಿಗೆ ಎರಡನೆಯ ಸಲ ಕೈ ಎತ್ತುವ ಅಧಿಕಾರವುಂಟು. ಮಾರ್ಜರಿ ಕಣ್ಣು ಮುಚ್ಚಿ ಹಸಿರಿಗೇ ಮತ್ತೆ ಎತ್ತಿದಳು. ವಿಲ್‌ಫ್ರೆಡ್ ಎದ್ದು ನಿಂತ.

"ಅಧ್ಯಕ್ಷರೇ, ಮೊದಲ್ನೇ ಕೈ ನಿಮ್ದು. ಎಲ್ಲಿಗೆ ಬೇಕಾದ್ರೂ ಎತ್ತಿ. ಎರಡನೇದು ನಿಮ್ದಲ್ಲ, ಆ ಕುರ್ಚಿದು. ಊರು ಎರಡು ಭಾಗ ಆಗಿ ನಿಂತಾಗ ಇರೋದನ್ನ ಇದ್ದ ಹಾಗೇ ಬಿಡೋದು ಕುರ್ಚಿಯ ಕೆಲ್ಸ. ನಿಲ್ದಾಣ ಕಂದು ಇತ್ತು, ಕಂದೇ ಇರ್ಬೇಕಿತ್ತು."

"ನಿಮ್ಮ ಕಾಲು ಗಂಟೆ ಆಗ್ಲೇ ಮುಗಿದಿದೆ, ಮಿಸ್ಟರ್ ಓಕ್‌ಶಾಟ್," ಅಂದಿದ್ದಳು ಮಾರ್ಜರಿ, ಕಿವಿ ಬಿಸಿಯಾಗಿ. ಅವನು ಹೇಳಿದ್ದು ಸರಿ ಅಂತ ಅವಳಿಗೆ ಮರುದಿನವೇ ಗೊತ್ತಾಯಿತು. ಒಪ್ಪಿಕೊಳ್ಳಲು ಮಾತ್ರ ಹೋಗಲಿಲ್ಲ. ನಿಲ್ದಾಣ ಈಗಲೂ ಹಸಿರಾಗಿದೆ.

ಫೆಬ್ರವರಿಯ ಸಭೆ ರಾತ್ರಿ ಎಂಟು ಗಂಟೆಗೆಲ್ಲ ಮುಗಿದುಹೋಯಿತು. ಐದು ಜನರ ಕೌನ್ಸಿಲ್ಲಿನಲ್ಲಿ ಒಂದು ಸ್ಥಾನ ಖಾಲಿ. ಉಳಿದವರು ನಾಲ್ವರು: ಮಾರ್ಜರಿ, ಪಬ್ಬಿನ ಡೆನ್ಜಿಲ್ ಕ್ರ್ಯಾಬ್, ಹುಲ್ಲುಬಯಲಿನ ಎದುರಿಗೇ ಮನೆಯಿರುವ ಫೆನ್ವಿಕ್ ಅಕ್ಕತಂಗಿಯರು. ಈ ಇಬ್ಬರಲ್ಲಿ ಒಬ್ಬಳ ಕೈ ಮೇಲೆದ್ದರೆ ಇನ್ನೊಬ್ಬಳದೂ ತಾನಾಗಿ ಏಳುತ್ತದೆ.

ಮಾರ್ಜರಿ ಪದ್ಧತಿಯಂತೆ ಖಾಲಿ ಕುರ್ಚಿಗಳಿಗೆ ಕೇಳಿದಳು: "ಸಾರ್ವಜನಿಕರು ಯಾರಾದರೂ ಮಾತಾಡೋರಿದ್ದೀರಾ?"

ಹೀಟರ್ ಗುರುಗುಟ್ಟಿತು.

"ಆಹಾ, ಎಷ್ಟು ಹಾಯಾಗಿದೆ!" ಅಂದ ಡೆನ್ಜಿಲ್. "ದೇವರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ, ನಮಗೆ ಕೊಟ್ಟಾಯ್ತು."

ಬೆಂಚಿನ ಮಾತನ್ನು ಮಾರ್ಜರಿ ಅವನ ಕಿವಿಗೆ ಹಾಕಿದಾಗ ಅವನು ಮೇಜು ಕುಟ್ಟಿ ನಕ್ಕ. "ಅವನ್ದೇ ರೂಲು, ಅವನಿಗೇ ಅಡ್ಡ! ನನ್ನ ಬೋರ್ಡು ಆರ್ಸಿದ್ನಲ್ಲ, ಅನುಭವಿಸ್ಲಿ ಬಿಡು." ಮಾರ್ಜರಿ ಆ ವಿಷಯವನ್ನು ಸಭೆಗೆ ತರಲಿಲ್ಲ. ಮಾರ್ಚಿನಲ್ಲೂ ತರಲಿಲ್ಲ.

ಏಪ್ರಿಲ್‌ನಲ್ಲಿ ಊರಿನ ವಾರ್ಷಿಕ ಸಭೆ. ವರದಿ ಓದುವಾಗ ಯಾರೂ ಇರುವುದಿಲ್ಲ, ಕೊನೆಯ ತಿಂಡಿಗೆ ಚೀಸ್ ಕತ್ತರಿಸುವ ಹೊತ್ತಿಗೆ ಊರೇ ಬರುತ್ತದೆ. ಆ ಗದ್ದಲದಲ್ಲಿ ಈನಿಡ್ ಮಾರ್ಜರಿಯ ಪಕ್ಕಕ್ಕೆ ಬಂದಳು.

"ಬೆಂಚಿನ ವಿಷ್ಯ ಕೇಳೋಕೆ ಬಂದೆ ಅನ್ಕೋಬೇಡ."

"ಅಯ್ಯೋ, ಹಾಗಲ್ಲ ಈನಿಡ್, ನಾನೇ ಹೇಳ್ಬೇಕು ಅಂತಿದ್ದೆ..."

"ಅವನು ಬಾಯಿಬಿಟ್ರೆ ಎಲ್ರೂ ಮೇಲೆ ನೋಡ್ತಿದ್ರಂತಲ್ಲ. ಅವನೇ ಹೇಳಿ ನಗ್ತಿದ್ದ. ನನಗೆ ನಗು ಬರ್ತಿರ್ಲಿಲ್ಲ. ಪ್ರತಿ ಮಂಗಳವಾರದ ಅಂಗಿಗೆ ಇಸ್ತ್ರಿ ಹಾಕಿದೋಳು ನಾನು." ಈನಿಡ್ ಕೈಯಲ್ಲಿದ್ದ ಬಿಸ್ಕತ್ತನ್ನು ತಿನ್ನದೆ ಮುರಿಯುತ್ತಿದ್ದಳು. "ಗೋರಿ ಮೇಲಿನ ಹೆಸ್ರು ನಾನು ಬರ್ಸಿದ್ದು. ಈ ಊರು ಬರೆದ ಅವನ ಹೆಸ್ರನ್ನ ಒಂದೇ ಒಂದ್ಸಲ ಓದ್ಬೇಕು ಕಣೇ. ಅಷ್ಟೇ ನನ್ನಾಸೆ."

"ಆಗತ್ತೆ," ಅಂದಳು ಮಾರ್ಜರಿ. ಎರಡನೆಯ ಸಲ ಅದೇ ತಪ್ಪು.

ಮೇ ತಿಂಗಳಲ್ಲಿ ಒಂದು ಅನಾಹುತವಾಯಿತು. ಕೊಳದ ಸುತ್ತ ವರ್ಷವರ್ಷವೂ ಕೌಸ್ಲಿಪ್ ಎಂಬ ಸಣ್ಣ ಹಳದಿ ಹೂಗಳು ಹಾಸಿಕೊಳ್ಳುತ್ತವೆ. ಅವು ಅರಳಿ ಬೀಜ ಉದುರುವವರೆಗೆ, ಅಂದರೆ ಜುಲೈವರೆಗೆ, ಅಲ್ಲಿ ಹುಲ್ಲು ಕೊಯ್ಯಬಾರದು ಅಂತ ಕೊಯ್ಯುವವನಿಗೆ ಕೌನ್ಸಿಲ್ ತಿಳಿಸಬೇಕು. ಪ್ರತಿ ಏಪ್ರಿಲ್‌ನಲ್ಲಿ ವಿಲ್‌ಫ್ರೆಡ್ ಇದನ್ನು ಹೇಳುತ್ತಿದ್ದ, ಇವರು ಪ್ರತಿ ಏಪ್ರಿಲ್‌ನಲ್ಲೂ "ಗೊತ್ತಿದೆ ಗೊತ್ತಿದೆ" ಅನ್ನುತ್ತಿದ್ದರು. ಈ ವರ್ಷ ಹೇಳುವವನೇ ಇಲ್ಲದೆ ನಾಲ್ವರಿಗೂ ಮರೆತುಹೋಯಿತು. ಯಂತ್ರದವನು ಒಂದು ಬೆಳಗಿನಲ್ಲಿ ಎಲ್ಲವನ್ನೂ ನೆಲಸಮ ಮಾಡಿ ಹೋದ. ಮಾರ್ಜರಿ ಹೋಗಿ ನೋಡಿದರೆ ಹಳದಿ ಪುಡಿ ನೀರಿನ ಅಂಚಿಗೆ ಅಂಟಿಕೊಂಡಿತ್ತು.

ಊರಿನ ಸಿಟ್ಟೆಲ್ಲ ಡೆನ್ಜಿಲ್‌ನ ಪಬ್ಬಿಗೆ ಹರಿದು ಬಂತು. ಬಿಯರ್ ಕುಡಿಯಲು ಬಂದವರೆಲ್ಲ ಅವನನ್ನೇ ತರಾಟೆಗೆ ತೆಗೆದುಕೊಂಡರು. ಒಂದು ಸಂಜೆ ಅವನು ಗ್ಲಾಸು ಒರೆಸುತ್ತ ಮಾರ್ಜರಿಗೆ ಅಂದ:

"ಅಲ್ಲ ಮಾರಾಯ್ತಿ, ಮೊದ್ಲೆಲ್ಲ ಇವ್ರಿಗೆ ಏನಾದ್ರೂ ಸರಿ ಕಾಣ್ದಿದ್ರೆ ವಿಲ್‌ಫ್ರೆಡ್‌ಗೆ ಹೇಳ್ತಿದ್ರು. ಅವನು ಬಂದು ನಮ್ಮ ತಲೆ ತಿಂತಿದ್ದ. ನಾವು ಅವನ್ನ ಬೈತಿದ್ವಿ. ಈಗ ಎಲ್ಲಾ ನೇರ ನನ್ನ ತಲೆ ಮೇಲೇ ಬೀಳ್ತಿದೆ. ಆ ಮನುಷ್ಯ ಹೇಗೆ ತಡ್ಕೊಂಡಿದ್ನೋ!"

"ಹಾಗಾದ್ರೆ ಬೆಂಚಿಗೆ ಕೈ ಎತ್ತೀಯಾ?"

"ಎತ್ತೀನಿ. ಬೋರ್ಡಿನ ಸಿಟ್ಟು ಮಾತ್ರ ಹೋಗಿಲ್ಲ, ಅದನ್ನ ಬೇಕಾದ್ರೆ ಬರ್ಕೋ."

ಬೇಸಿಗೆ ಕಳೆಯಿತು. ಖಾಲಿ ಸ್ಥಾನಕ್ಕೆ ಯಾರೂ ಮುಂದೆ ಬರಲಿಲ್ಲ. ಕಾಲುದಾರಿಗೆ ಚಾಚಿದ ಬೇಲಿಯನ್ನು ಸವರಿಸಿದರು, ಬಸ್ಸಿನ ಹೊತ್ತು ಬದಲಾಯಿಸಬೇಡಿ ಅಂತ ಮೇಲಿನವರಿಗೆ ಬರೆದು ಎಂದಿನಂತೆ ಸೋತರು. ಸಭೆಗಳು ಎಂಟಕ್ಕೇ ಮುಗಿಯುತ್ತಿದ್ದವು, ಆದರೆ ಹಾಯಾಗಿದೆ ಅಂತ ಯಾರೂ ಅನ್ನುತ್ತಿರಲಿಲ್ಲ. ಬಾಗಿಲು ಸದ್ದಾದರೆ ನಾಲ್ಕೂ ತಲೆಗಳು ಆ ಕಡೆ ತಿರುಗುತ್ತಿದ್ದವು. ಗಾಳಿಯಾಗಿರುತ್ತಿತ್ತು.

ಅಕ್ಟೋಬರಿನಲ್ಲಿ ಮಾರ್ಜರಿ ಧೈರ್ಯ ಮಾಡಿ ಕೊಳದ ಬಳಿಯ ಕೌನ್ಸಿಲ್ ಫಲಕಕ್ಕೆ ನೋಟೀಸು ಅಂಟಿಸಿದಳು: ನಿಯಮ ಸಡಿಲಿಸಿ ಆರನೆಯ ಬೆಂಚು ಹಾಕುವ ಬಗ್ಗೆ, ಆಕ್ಷೇಪಣೆಯಿದ್ದವರು ನವೆಂಬರ್ ಸಭೆಗೆ ಬರಬಹುದು. ಯಾರೂ ಬರಲಿಲ್ಲ. ಆಕ್ಷೇಪಿಸುತ್ತಿದ್ದವನು ಒಬ್ಬನೇ, ಅವನದೇ ಬೆಂಚು.

ನವೆಂಬರ್ ಸಭೆಯಲ್ಲಿ ಡೆನ್ಜಿಲ್ ಕೈ ಎತ್ತಿದ. ಮಾರ್ಜರಿ ಎತ್ತಿದಳು. ಫೆನ್ವಿಕ್ ಅಕ್ಕತಂಗಿಯರು ಮಡಿಲಲ್ಲಿ ಕೈ ಮಡಚಿ ಕೂತಿದ್ದರು.

"ನಮಗೂ ಅವನ ಮೇಲೆ ವಿಶ್ವಾಸ ಇತ್ತು," ಅಂದಳು ದೊಡ್ಡವಳು. "ಆದ್ರೆ ಇವತ್ತು ಆರು ಅಂದ್ರೆ ನಾಳೆ ಏಳು. ಮಕ್ಕಳಿಗೆ ಜಾಗ ಬೇಕು ಅಂತ ಅವನೇ ಹೇಳಿದ್ದು." ವಿರೋಧಕ್ಕೆ ಎರಡು ಕೈ ಒಟ್ಟಿಗೆ ಎದ್ದವು.

ಸಮಸಮ. ಫಿಲಿಪಾ ಪೆನ್ನು ಹಿಡಿದು ಅಧ್ಯಕ್ಷೆಯ ಮುಖ ನೋಡಿದಳು. ಡೆನ್ಜಿಲ್, "ಎತ್ತು, ಮಾರ್ಜರಿ, ಮುಗೀತು," ಅಂದ.

ಮಾರ್ಜರಿ ಹೀಟರ್ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. ಈನಿಡ್‌ಗೆ ಎರಡೆರಡು ಸಲ ಮಾತು ಕೊಟ್ಟಾಗಿತ್ತು. ಕೈ ಎತ್ತಿದರೆ ಆಯಿತು, ಯಾರೂ ಕೇಳುವವರಿಲ್ಲ. ಕೇಳುವವನು ಸತ್ತಿದ್ದಾನೆ. ಅದೇ ಯೋಚನೆ ಅವಳಿಗೆ ನಾಚಿಕೆ ತಂದಿತು.

"ಕುರ್ಚಿಯ ಮತ," ಅಂದಳು, "ಇರೋದು ಇದ್ದ ಹಾಗೇ ಇರ್ಲಿ. ಬೆಂಚು ಬೇಡ."

ಫಿಲಿಪಾ ಅದನ್ನು ಬರೆದುಕೊಂಡಳು.

ಮಾರ್ಜರಿ ಸಭೆಯಿಂದ ನೇರ ಈನಿಡ್ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಈನಿಡ್ ಚಹಾ ಬಸಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ಕೊಂಡ್ಯಾ?"

"ಎರಡನೇದು ನಂದಲ್ಲ, ಈನಿಡ್. ಹಾಗಂತ ಹೇಳ್ಕೊಟ್ಟೋನು ಅವನೇ."

"ಅವನು ಸಾವಿರ ಹೇಳ್ತಿದ್ದ. ಮೂವತ್ತು ವರ್ಷ ಒಂದೂ ಕೇಳ್ದಿರೋರಿಗೆ ಇವತ್ತೇ ಕೇಳ್ಬೇಕಿತ್ತಾ?" ಅವಳು ಕಪ್ಪನ್ನು ಮುಂದೆ ತಳ್ಳಿದಳು. "ಕುಡಿ. ಕುಡಿದು ಹೊರಡು."

ಮಾರ್ಜರಿ ಬಾಯಿ ಸುಟ್ಟುಕೊಂಡು ಕುಡಿದು ಹೊರಟಳು. ದಾರಿಯಲ್ಲಿ ಅತ್ತಳು. ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ ಕೆಂಪು ಹೂವಿನ ಹಾರ ಇಡುವ ದಿನ ಈನಿಡ್ ಅವಳತ್ತ ನೋಡಲಿಲ್ಲ. ಕ್ರಿಸ್‌ಮಸ್ ಹಾಡಿಗೆ ಚರ್ಚಿನಲ್ಲಿ ಇನ್ನೊಂದು ತುದಿಗೆ ಹೋಗಿ ಕೂತಳು. ಮಾರ್ಜರಿಗೆ ಹಬ್ಬದ ಪುಡ್ಡಿಂಗ್ ರುಚಿಸಲಿಲ್ಲ. ಅಧ್ಯಕ್ಷತೆ ಸಾಕು, ಬಿಟ್ಟುಬಿಡೋಣ ಅಂತಲೂ ಅನ್ನಿಸಿತು.

ಹೊಸ ವರ್ಷದ ಮೊದಲ ಸಭೆ. "ಸಾರ್ವಜನಿಕರು ಯಾರಾದರೂ ಮಾತಾಡೋರಿದ್ದೀರಾ?" ಅಂತ ಅವಳು ಕಾಗದದಿಂದ ತಲೆ ಎತ್ತದೆ ಓದಿದಳು.

"ಇದ್ದೀನಿ. ಸ್ವಲ್ಪ ತಡೀರಿ."

ಈನಿಡ್ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದಳು. ಕಂಕುಳಲ್ಲಿ ವಿಲ್‌ಫ್ರೆಡ್‌ನ ಮೆತ್ತೆ. ಹೀಟರ್ ಪಕ್ಕದ ಕುರ್ಚಿಗೆ ಅದನ್ನು ಹಾಸಿದಳು, ಕೂರಲಿಲ್ಲ.

"ಕೊಳದ ಹುಲ್ಲು ಜುಲೈಗೆ ಮುಂಚೆ ಮುಟ್ಟಕೂಡ್ದು. ಇವತ್ತೇ ಆ ಯಂತ್ರದೋನಿಗೆ ಹೇಳಿ, ಏಪ್ರಿಲ್‌ವರೆಗೆ ಕಾಯ್ಬೇಡಿ, ಮರೀತೀರ." ಉಸಿರು ತೆಗೆದುಕೊಂಡಳು. "ಎರಡನೇದು. ನವೆಂಬರ್‌ನಲ್ಲಿ ಅಧ್ಯಕ್ಷರು ಕುರ್ಚಿಯ ಕೈನ ಸರಿಯಾಗಿ ಎತ್ತಿದ್ರು. ನನಗೆ ಹೊಟ್ಟೆ ಉರೀತು, ಅದು ಬೇರೆ ಮಾತು. ಮನೆಗೆ ಬಂದು ನಮ್ಮ ವಿಲ್‌ಫ್ರೆಡ್ ಏನಂತಿದ್ದ ಅಂತ ಎರಡು ತಿಂಗಳು ಯೋಚಿಸ್ದೆ. 'ಕೊನೆಗೂ ಕಲಿತ್ಳು' ಅಂತಿದ್ದ. ಬರ್ಕೊಳ್ಳಿ."

ಫಿಲಿಪಾ ಬರೆಯುತ್ತ, "'ಸಾರ್ವಜನಿಕರೊಬ್ಬರು...'" ಅಂದವಳು ನಿಲ್ಲಿಸಿ ಮಾರ್ಜರಿಯತ್ತ ನೋಡಿದಳು. "ಹೆಸರು ಹಾಕೋ ಪದ್ಧತಿ ಇಲ್ಲ."

ಮಾರ್ಜರಿಯ ಬಾಯಿಗೆ ಬಂದ ಮಾತು "ಹಾಕು" ಅಂತ. ಈ ಸಲ ತಡೆದುಕೊಂಡಳು.

"ಸಭೆಗೆ ಕೇಳ್ತೀನಿ," ಅಂದಳು. "ಮೂವತ್ತು ವರ್ಷ ಈ ಕೌನ್ಸಿಲ್‌ಗೆ ಸಾರ್ವಜನಿಕರಾಗಿದ್ದೋರು ವಿಲ್‌ಫ್ರೆಡ್ ಓಕ್‌ಶಾಟ್. ಹಾಗಂತ ಹೆಸರು ಹಾಕಿ ನಡಾವಳೀಲಿ ಬರೆಯೋಕೆ ಯಾರು ಯಾರು ಒಪ್ತೀರಿ?"

ಡೆನ್ಜಿಲ್‌ನ ಕೈ, ಅವಳ ಕೈ. ಒಂದು ಗಳಿಗೆ ತಡವಾಗಿ ಫೆನ್ವಿಕ್ ಚಿಕ್ಕವಳ ಕೈ ಎದ್ದಿತು, ಈ ಸಲ ಅಕ್ಕನಿಗಿಂತ ಮೊದಲು. ಆಮೇಲೆ ಅಕ್ಕನದು. ಎರಡನೆಯ ಸಲ ಎತ್ತುವ ಅಗತ್ಯ ಬೀಳಲಿಲ್ಲ.

ಈನಿಡ್ ಆಗ ಮೆತ್ತೆಯ ಮೇಲೆ ಕೂತಳು.

"ನಿಮಗಿನ್ನೂ ಹತ್ತು ನಿಮಿಷ ಇದೆ, ಮಿಸೆಸ್ ಓಕ್‌ಶಾಟ್," ಅಂದಳು ಮಾರ್ಜರಿ.

"ಗೊತ್ತಿದೆ. ಮುಂದಿಂದು ಪಬ್ಬಿನ ಬೋರ್ಡು. ಮತ್ತೆ ಮಿನುಗ್ತಿದೆ."

"ಅಯ್ಯೋ ದೇವ್ರೇ," ಅಂದ ಡೆನ್ಜಿಲ್.

ನಡಾವಳಿಯ ಪ್ರತಿಯನ್ನು ಆ ಶನಿವಾರ ಫಲಕದ ಗಾಜಿನೊಳಗೆ ಅಂಟಿಸಿದರು. ಮಾರ್ಜರಿ ಬ್ರೆಡ್ಡು ತರಲು ಹೊರಟವಳು ದೂರದಿಂದಲೇ ನೋಡಿದಳು. ಹಿಮ ಕಟ್ಟಿದ ಕೊಳದ ಪಕ್ಕ ಈನಿಡ್ ಕನ್ನಡಕ ಹಾಕಿಕೊಂಡು ನಿಂತಿದ್ದಳು. ಓದಿ ಮುಗಿಸಿ, ಗಾಜಿನ ಮೇಲಿನ ಉಸಿರಿನ ಹಬೆಯನ್ನು ತೋಳಿನಿಂದ ಒರೆಸಿ, ಮತ್ತೆ ಮೊದಲಿನಿಂದ ಓದತೊಡಗಿದಳು. ಮಾರ್ಜರಿ ಅತ್ತ ಹೋಗದೆ ಚರ್ಚಿನ ಹಿಂದಿನಿಂದ ಸುತ್ತು ಹಾಕಿಕೊಂಡು ಅಂಗಡಿಗೆ ನಡೆದಳು.