ಹನ್ನೆರಡು ತಿಂಗಳ ಸಹಿ

ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ಅವಳು ಅದರ ಮೇಲೆ ತುದಿಗಾಲಲ್ಲಿ ನಿಂತು, ಕಪಾಟಿನ ನೆತ್ತಿಯ ಮೇಲೆ ತುರುಕಿಟ್ಟಿದ್ದ ರಿಜಿಸ್ಟರುಗಳ ಕಟ್ಟನ್ನು ಬೆರಳ ತುದಿಯಿಂದ ಎಳೆಯುತ್ತಿದ್ದಳು. ಕೆಳಗೆ ಮ್ಯಾನೇಜರ್ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದ.

"ಹುಷಾರು ಸ್ಟೋರಮ್ಮ, ಬಿದ್ದುಗಿದ್ದೀರಿ. ಆಮೇಲೆ ನಿಮ್ಮದೂ ಒಂದು ಕೇಸು."

"ಬಿದ್ರೆ ನಿಮ್ಮ ಮೇಲೇ ಬೀಳೋದು ಸಾರ್. ಕೇಸು ಹಾಕೋರು ನೀವೇ ಆಗ್ತೀರಿ."

ಕಟ್ಟು ಬಂತು, ಅದರ ಹಿಂದೆಯೇ ವರ್ಷಗಟ್ಟಲೆ ಕೂತಿದ್ದ ಧೂಳೂ ಬಂತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದಳು. ಇಳಿಯುವಾಗ ಮಂಡಿ ಚುರ್ರೆಂದಿತು. ಆ ಕಟ್ಟಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಮ್ಯಾನೇಜರ್‌ಗೆ ಇನ್ನೂ ಗೊತ್ತಿರಲಿಲ್ಲ.

ಮೂವತ್ತೊಂದು ವರ್ಷದಿಂದ ಅವಳು ನಗರದ ಉದ್ಯಾನ ವಿಭಾಗದ ಉಗ್ರಾಣ ನೋಡಿಕೊಳ್ಳುತ್ತಿದ್ದಳು. ಗುದ್ದಲಿ, ಪೈಪು, ಗೊಬ್ಬರದ ಚೀಲ, ಕಳೆನಾಶಕದ ಕ್ಯಾನು, ಯಾವುದೇ ಆಗಲಿ, ಅವಳ ಕೈ ದಾಟಿಯೇ ಹೊರಗೆ ಹೋಗಬೇಕು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಎಲ್ಲರ ಬಾಯಲ್ಲೂ ಅವಳು ಸ್ಟೋರಮ್ಮ. ಸ್ವಂತ ಅಕ್ಕನ ಗಂಡನೂ ಹಾಗೆಯೇ ಕರೆಯುತ್ತಿದ್ದ.

ಆ ಭಾವನ ದೆಸೆಯಿಂದಲೇ ಈಗ ರಿಜಿಸ್ಟರು ಕೆಳಗಿಳಿದಿದ್ದು. ಹತ್ತೊಂಬತ್ತು ವರ್ಷ ಅವನು ಇದೇ ವಿಭಾಗದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಪಾರ್ಕಿನ ಕಾಲುದಾರಿ, ಶಾಲೆಗಳ ಆಟದ ಮೈದಾನ, ಆಸ್ಪತ್ರೆಯ ಕಾಂಪೌಂಡು ಅಂತ ಊರೆಲ್ಲ ಕಳೆ ಔಷಧಿ ಹೊಡೆದವನು. ಹೋದ ವರ್ಷದ ಆರಂಭದಲ್ಲಿ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟುಗಳೆದ್ದವು. ಡಾಕ್ಟರು ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದರು. ಹೀಗೇ ಗಂಟೆದ್ದ ಬೇರೆ ಕೆಲಸಗಾರರನ್ನೂ ಸೇರಿಸಿಕೊಂಡು ಒಬ್ಬ ವಕೀಲೆ ಕಳೆನಾಶಕದ ಕಂಪನಿಯ ಮೇಲೆ ದಾವೆ ಹೂಡಿದ್ದಳು. ಕಂಪನಿ ಕೊಟ್ಟ ಉತ್ತರ ಚಿಕ್ಕದು: ಕೈಗವಸು ಹಾಕಿಕೊಳ್ಳಿ, ಮುಖ ಮುಚ್ಚಿಕೊಳ್ಳಿ ಎಂದು ಕ್ಯಾನಿನ ಮೇಲೆ ಅಚ್ಚು ಹಾಕಿದ್ದೇವೆ, ಉದ್ಯಾನ ವಿಭಾಗ ತಿಂಗಳಾ ತಿಂಗಳಾ ಅವನ್ನು ಕೊಟ್ಟಿದೆ, ಈ ಮನುಷ್ಯ ಹಾಕಿಕೊಳ್ಳಲಿಲ್ಲ. ಕೊಟ್ಟಿದ್ದಕ್ಕೆ ಆಧಾರ, ಉಗ್ರಾಣದ ರಿಜಿಸ್ಟರು. ಸೋಮವಾರ ಹನ್ನೊಂದಕ್ಕೆ ಅದನ್ನು ಕೋರ್ಟಿಗೆ ಒಪ್ಪಿಸಬೇಕು. ಅವತ್ತು ಶನಿವಾರ.

ಮ್ಯಾನೇಜರ್ ಮೇಜಿನ ಮೇಲೆ ಕಟ್ಟು ಬಿಚ್ಚಿ, ಹೋದ ವರ್ಷದ ಪುಟ ತೆಗೆದ. ಭಾವನ ಹೆಸರಿನ ಮುಂದೆ ಹನ್ನೆರಡು ಚೌಕ, ಹನ್ನೆರಡು ಸಹಿ. ಒಂದೇ ಪೆನ್ನು, ಒಂದೇ ಓರೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಕೈ ಬೇಸತ್ತು ಅಕ್ಷರಗಳು ಅಡ್ಡ ಮಲಗಿದ್ದವು.

"ಇದೇನ್ರೀ? ಮಾರ್ಚಿಂದ ಜೂನ್‌ವರೆಗೆ ನಿಮ್ಮ ಭಾವ ಆಸ್ಪತ್ರೇಲಿ ಇದ್ರಲ್ವಾ?"

"ಇದ್ರು."

"ಮತ್ತೆ ಇಲ್ಲಿ ಬಂದು ಗ್ಲೌಸ್ ತಗೊಂಡಿದ್ದಾರೆ!"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಪ್ರತಿ ಜನವರಿಯ ಮೊದಲ ವಾರ ಎಲ್ಲರನ್ನೂ ಒಟ್ಟಿಗೆ ಕರೆಸಿ, ಪುಟ ತೆರೆದಿಟ್ಟು, "ಹನ್ನೆರಡೂ ಒಂದೇ ಸಲ ಗೀಚಿಬಿಡಿ. ತಿಂಗಳಾ ತಿಂಗಳಾ ನಿಮ್ಮ ಹಿಂದೆ ಪಾರ್ಕು ಪಾರ್ಕು ಅಲೆಯೋಕೆ ನನ್ನ ಕೈಲಾಗಲ್ಲ" ಎನ್ನುತ್ತಿದ್ದಳು. ಅದು ಉಪಕಾರವೆಂದೇ ಅವಳು ತಿಳಿದಿದ್ದಳು. ಊರಾಚೆಯ ಪಾರ್ಕಿನವರು ಎರಡು ಬಸ್ಸು ಬದಲಾಯಿಸಿ ಬರುವುದು ತಪ್ಪುತ್ತಿತ್ತು. ಅವರೂ ನಗುತ್ತ ಗೀಚುತ್ತಿದ್ದರು. "ಸ್ಟೋರಮ್ಮ, ಡಿಸೆಂಬರ್‌ವರೆಗೂ ಬದುಕಿರ್ತೀವಿ ಅಂತ ಬರ್ಕೊಟ್ಟಂಗಾಯ್ತಲ್ಲ!" ಎಂದು ಭಾವನೇ ಒಂದು ಸಲ ಅಂದಿದ್ದ. ಆಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

ಇನ್ನು ಕೈಗವಸು. ವರ್ಷಕ್ಕೊಂದು ಡಬ್ಬಿ ಬರುತ್ತಿತ್ತು, ಇಡೀ ಗುಂಪಿಗೆ ಸೇರಿ. ಮೊದಲ ವರ್ಷ ಹಂಚಿ ನೋಡಿದಳು. ಎರಡೇ ವಾರಕ್ಕೆ ಹರಿದು ಚಿಂದಿಯಾದವು. ಮರುವಾರ ತಪಾಸಣೆಗೆ ಬಂದ ಅಧಿಕಾರಿ ಬರಿಗೈಗಳನ್ನು ನೋಡಿ ಅವಳ ಮೇಲೆ ಹಾರಾಡಿದ. ಅಂದಿನಿಂದ ಡಬ್ಬಿ ಬೀರುವಿನೊಳಗೆ ಸೇರಿತು. ತಪಾಸಣೆಯ ದಿನ ಬೆಳಿಗ್ಗೆ ಹೊರಗೆ ತೆಗೆದು ಎಲ್ಲರ ಕೈಗೂ ತೊಡಿಸುವುದು, ಸಂಜೆ ಎಣಿಸಿ ವಾಪಸು ತೆಗೆದುಕೊಂಡು, ಒರೆಸಿ, ಪೌಡರ್ ಹಚ್ಚಿ ಮತ್ತೆ ಬೀಗ ಹಾಕುವುದು. ಅವಳ ಸ್ಟೋರಿನಲ್ಲಿ ಯಾವ ಸಾಮಾನೂ ಹಾಳಾಗುತ್ತಿರಲಿಲ್ಲ. ಮಿಕ್ಕ ದಿನ ಭಾವ ಎರಡು ಕೈಗೂ ಬ್ರೆಡ್ಡಿನ ಕವರು ಹಾಕಿ ರಬ್ಬರ್ ಬ್ಯಾಂಡು ಬಿಗಿಯುತ್ತಿದ್ದ. ಪಂಪಿನ ಮೂತಿ ಕಟ್ಟಿಕೊಂಡರೆ ಕವರು ಕಿತ್ತು, ಮೂತಿಯನ್ನು ಬಾಯಿಗಿಟ್ಟು ಊದುತ್ತಿದ್ದ. ಎಲ್ಲಿ ಹೊಡೆದಾಯಿತು, ಎಲ್ಲಿ ಬಿಟ್ಟುಹೋಯಿತು ಎಂದು ಗೊತ್ತಾಗಲು ಔಷಧಿಗೆ ನೀಲಿ ಬಣ್ಣ ಬೆರೆಸುತ್ತಿದ್ದರು. ಸಂಜೆ ಕ್ಯಾನು ಒಪ್ಪಿಸಲು ಬರುವಾಗ ಅವನ ಕೈ ಮಣಿಕಟ್ಟಿನವರೆಗೆ ನೀಲಿಯಾಗಿರುತ್ತಿತ್ತು, ತುಟಿಯ ಮೂಲೆಯೂ.

"ರಿಜಿಸ್ಟರೇ ಸುಳ್ಳು ಅಂತ ಆದ್ರೆ ಮೊದಲು ಹೋಗೋದು ನಿಮ್ಮ ಕೆಲಸ" ಎಂದ ಮ್ಯಾನೇಜರ್, ತಗ್ಗಿದ ದನಿಯಲ್ಲಿ. "ಆಮೇಲೆ ಪಿಂಚಣಿ. ಇನ್ನೆಷ್ಟು ಉಳಿದಿದೆ ನಿಮಗೆ?"

"ಹದಿನಾಲ್ಕು ತಿಂಗಳು."

"ಅಯ್ಯೋ, ದಡಕ್ಕೆ ಬಂದಿದ್ದೀರಲ್ರೀ. ಒಂದು ಕೆಲಸ ಮಾಡೋಣ. ಆ ನಾಲ್ಕು ತಿಂಗಳು ಗ್ಲೌಸು, ರಿಜಿಸ್ಟರು ಎರಡೂ ನೀವೇ ತಗೊಂಡು ಹೋಗಿ, ಅವರ ಕೈಲಿ ಸಹಿ ಹಾಕಿಸಿದ್ರಿ. ನಾದಿನಿ ತಾನೆ ನೀವು, ಯಾರಾದ್ರೂ ನಂಬ್ತಾರೆ."

"ಹಾಸಿಗೇಲಿ ಮಲಗಿದ್ದೋರಿಗೆ ಗ್ಲೌಸ್ ಯಾಕೆ ಸಾರ್? ಗ್ಲೂಕೋಸ್ ಬಾಟ್ಲಿಗೆ ಕಳೆ ಔಷಧಿ ಹೊಡಿಯೋಕಾ?"

"ರಜೆಲಿದ್ರೂ ಅವರ ಹಕ್ಕು ಹಕ್ಕೇ. ತಮಾಷೆ ಬಿಡಿ. ನಾನು ಟೈಪ್ ಮಾಡಿಸ್ತೀನಿ. ನಿಮ್ಮದೊಂದು ಸಹಿ, ಅವರದೊಂದು ಸಹಿ. ಮುಗೀತು."

ಅವಳು ರಿಜಿಸ್ಟರು ಮುಚ್ಚಿದಳು. ಬೀರುವಿನ ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡಿ ಮನೆಗೆ ಹೋದಳು.

ಭಾನುವಾರ ಸಂಜೆ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಕೆಳಗಿನ ಟೈರ್ ಅಂಗಡಿ ಮುಚ್ಚಿತ್ತು, ರಬ್ಬರಿನ ವಾಸನೆ ಮಾತ್ರ ತೆರೆದೇ ಇತ್ತು. ಎರಡು ಕೋಣೆಯ ಮನೆ. ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದ. ಕೂದಲು ಹೋದ ಮೇಲೆ ತಲೆಗಿಂತ ಟೋಪಿಯೇ ದೊಡ್ಡದಾಗಿ ಕಾಣುತ್ತಿತ್ತು.

"ಬಂದ್ಳಪ್ಪ ಸ್ಟೋರಮ್ಮ! ಏನು ತಂದೆ? ಸಹಿ ಹಾಕಿ ತಗೋಬೇಕಾ, ಹಾಗೇ ಕೊಡ್ತೀಯಾ?"

"ನಿಮಗೆ ಹಾಗೇ ಕೊಡ್ತೀನಿ ಭಾವ. ಹಳೇ ಗಿರಾಕಿ."

ಅಕ್ಕ ನಗಲಿಲ್ಲ. ಅವಳು ನೆಲದ ಮೇಲೆ ಕೂತು ವಾರದ ಮಾತ್ರೆಗಳನ್ನು ಏಳು ಪೊಟ್ಟಣಕ್ಕೆ ಹಾಕುತ್ತಿದ್ದಳು.

"ನೀನಾದ್ರೂ ಹೇಳೇ. ಆ ಕಂಪನಿಯವರು ಕಾಗದದಲ್ಲಿ ಏನು ಬರ್ದಿದ್ದಾರೆ ಗೊತ್ತಾ? ಇವರು ಹಠಮಾರಿಯಂತೆ. ಕೊಟ್ಟ ಗ್ಲೌಸ್ ಹಾಕ್ಕೊಳ್ಳಲಿಲ್ಲವಂತೆ. ನಾಳೆ ಇವರು ಹೋದ್ರೂ ಜನ ಏನಂತಾರೆ? ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ದಿನಾ ಆ ನೀಲಿ ಅಂಗಿ ತಿಕ್ಕಿ ತಿಕ್ಕಿ ನನ್ನ ಉಗುರು ಹೋಗಿದೆ. ಒಂದು ದಿನ, ಒಂದೇ ಒಂದು ದಿನ ಇವರ ಜೇಬಲ್ಲಿ ಗ್ಲೌಸ್ ನೋಡ್ಲಿಲ್ಲ ನಾನು. ನೀನು ಸ್ಟೋರಲ್ಲೇ ಇರೋಳು. ಕೊಟ್ಟಿದ್ರಾ?"

ಸ್ಟೋರಮ್ಮ ನೀರಿನ ಲೋಟ ಎತ್ತಿ ಪೂರ್ತಿ ಕುಡಿದಳು. ಬಾಯಾರಿಕೆ ಇರಲಿಲ್ಲ.

"ಬಂದೋಳನ್ನ ಯಾಕೆ ಗೋಳು ಹೊಯ್ಕೋತೀಯ?" ಎಂದ ಭಾವ. "ಹೋಗು, ಟೀ ಇಡು."

ಅಕ್ಕ ಅಡುಗೆಮನೆಗೆ ಹೋದದ್ದೇ ತಡ, ಭಾವ ಕುರ್ಚಿಯ ದಿಂಬಿನಡಿಯಿಂದ ಒಂದು ಹಾಳೆ ತೆಗೆದ. ಟೈಪಾಗಿದ್ದ ಹಾಳೆ.

"ಬೆಳಿಗ್ಗೆ ನಿಮ್ಮಕ್ಕ ಅಂಗಡಿಗೆ ಹೋದಾಗ ನಿಮ್ಮ ಮ್ಯಾನೇಜರ್ ಸೇಬು ಹಿಡ್ಕೊಂಡು ಬಂದಿದ್ದ. ಎಲ್ಲಾ ಹೇಳ್ದ. ನಂದು ಹಾಕ್ಬಿಟ್ಟೆ. ನೀನೂ ಹಾಕು. ಹೋಗ್ತಾ ಅವನಿಗೆ ತಲುಪಿಸು."

ಕೆಳಗೆ ಎಡಕ್ಕೆ ಅವನ ಸಹಿ ಇತ್ತು. ಅದೇ ಓರೆ, ಈಗ ಸ್ವಲ್ಪ ನಡುಗಿದ್ದು.

"ಇದನ್ನ ಕೊಟ್ರೆ ನಿಮ್ಮ ಕೇಸು ಬಿದ್ದುಹೋಗುತ್ತೆ ಭಾವ."

"ಬೀಳ್ಲಿ. ಆ ವಕೀಲೆ ಆಫೀಸಿನ ಮೆಟ್ಲು ಹತ್ತೋಷ್ಟರಲ್ಲಿ ಎರಡು ಸಲ ಕೂತ್ಕೋತೀನಿ. ಹೋದ್ರೆ ಅದೇ ಪ್ರಶ್ನೆ. ವಾರಕ್ಕೆಷ್ಟು ದಿನ ಹೊಡೀತಿದ್ರಿ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತ ಯಾರು ನೆನಪಿಟ್ಕೊಳ್ತಾರೆ? ಇನ್ನೂ ಮೂರು ವರ್ಷ ಎಳೆಯುತ್ತಂತೆ. ನನ್ನ ಹತ್ರ ಮೂರು ವರ್ಷ ಇದೆಯಾ?" ಅವನು ಉಸಿರು ತೆಗೆದುಕೊಂಡ. "ನಿನ್ನ ಪಿಂಚಣಿ ಉಳಿದ್ರೆ ನಿಮ್ಮಕ್ಕಂಗೆ ಒಂದು ಆಸರೆ. ನಾನು ಅಷ್ಟು ಮಾತ್ರ ನೋಡಿದ್ದು."

ಅದು ಪೊಳ್ಳು ಮಾತಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವಳಿಗೂ ಗಂಡನಿಲ್ಲ, ಅಕ್ಕನಿಗೆ ಮಕ್ಕಳಿಲ್ಲ. ಮುಂದೆ ಒಂದೇ ಒಲೆ ಉರಿಯಬೇಕಾದ್ದು ಇಬ್ಬರಿಗೂ. ಅದನ್ನು ಉರಿಸಲು ಅವಳ ಪಿಂಚಣಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಓದಿದ್ರಾ ಇದನ್ನ?"

"ನಾನ್ಯಾವತ್ತು ಓದಿ ಸಹಿ ಹಾಕಿದ್ದೀನಿ?"

ಅವಳು ಓದಿದಳು. ಮ್ಯಾನೇಜರ್ ಹೇಳಿದ್ದ ಮಾತೆಲ್ಲ ಇತ್ತು. ಕೊನೆಗೆ ಅವನು ಹೇಳದಿದ್ದ ಇನ್ನೊಂದು ಸಾಲೂ ಇತ್ತು. ಆ ಸಾಲನ್ನು ಅವಳು ಬಾಯಿಬಿಟ್ಟು ಓದಿದಳು: "ಕೈಗವಸುಗಳನ್ನು ಪ್ರತಿ ತಿಂಗಳೂ ಪಡೆದಿದ್ದು, ಅವುಗಳನ್ನು ಧರಿಸದೇ ಇದ್ದುದು ನನ್ನ ಸ್ವಂತ ಇಚ್ಛೆಯಿಂದ."

"ಯಾರ ಸ್ವಂತ ಇಚ್ಛೆ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಇಕ್ಕಳ ಹಿಡಿದು ನಿಂತಿದ್ದಳು. ಭಾವ ಕಿಟಕಿಯತ್ತ ತಿರುಗಿದ. ಇನ್ನು ಮುಚ್ಚಿಡಲು ಸ್ಟೋರಮ್ಮನಲ್ಲಿ ತ್ರಾಣವಿರಲಿಲ್ಲ. ಧೈರ್ಯ ಬಂದು ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. ಜನವರಿಯ ಸಹಿಗಳನ್ನು ಹೇಳಿದಳು, ಬೀರು ಹೇಳಿದಳು, ತಪಾಸಣೆಯ ದಿನ, ಪೌಡರ್, ಎಲ್ಲವನ್ನೂ ಸಾಮಾನಿನ ಪಟ್ಟಿ ಓದುವ ದನಿಯಲ್ಲೇ ಹೇಳಿ ಮುಗಿಸಿದಳು.

ಒಳಗೆ ಟೀ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಯಾರೂ ಹೋಗಲಿಲ್ಲ.

"ನಾನು ಬ್ರೆಡ್ ಕವರು ತೊಳೆದು ಒಣಗಿಸಿ ಎತ್ತಿಡ್ತಿದ್ದೆ" ಎಂದಳು ಅಕ್ಕ. "ನಿನ್ನ ಬೀರೂಲಿ ಗ್ಲೌಸ್ ಇತ್ತಾ?"

"ಇತ್ತು."

"ಎಷ್ಟಿತ್ತು?"

"ಡಬ್ಬಿ ತುಂಬ."

ಅಕ್ಕ ಬೈಯುತ್ತಾಳೆ ಎಂದು ಕಾದಳು. ಮೂಗಿನ ತುದಿಯಲ್ಲೇ ಸಿಟ್ಟಿರುವ ಅಕ್ಕ ಬೈಯಲಿಲ್ಲ. ಒಳಗೆ ಹೋಗಿ ಒಲೆ ಆರಿಸಿದಳು, ಬಟ್ಟೆ ತಗೊಂಡು ಚೆಲ್ಲಿದ್ದನ್ನು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುವುದು ಇಲ್ಲಿಗೆ ಕೇಳಿಸುತ್ತಿತ್ತು.

"ಬಿಡು, ಆಗಿಹೋಯ್ತು" ಎಂದ ಭಾವ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನೀನೇನು ಬೇಕು ಅಂತ ಮಾಡಿದ್ಯಾ? ನಿನ್ನ ಜಾಗದಲ್ಲಿ ನಾನಿದ್ರೂ ಬೀಗ ಹಾಕ್ತಿದ್ದೆ. ತಗೋ."

ಅವನು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳವನ್ನೂ ತಾನೇ ಬಿಚ್ಚಿ, ಅವಳ ಮುಂದೆ ಹಿಡಿದ.

"ಹಾಕಲ್ಲ ಭಾವ."

"ಹುಚ್ಚು ಹುಡುಗಿ. ಹದಿನಾಲ್ಕು ತಿಂಗಳು ಕಣೇ. ಕಣ್ಣು ಮುಚ್ಕೊಂಡು ಹಾಕ್ಬಿಡು."

"ಹಾಕಲ್ಲ. ಬೀರುವಿನ ವಿಷಯ ನಾಳೆ ಕೋರ್ಟಲ್ಲೂ ಹೇಳ್ತೀನಿ."