ಶಾಲೆ ನೋಡುವ ವಾರ

“ಇದನ್ನ ಲ್ಯಾಬ್ ಅಂತಾರಾ?” ಲಿಫ್ಟ್ ಮೆಕ್ಯಾನಿಕ್ ಬಾಗಿಲಲ್ಲೇ ನಿಂತು ಕೇಳಿದ.

ಯಾರನ್ನು ಕೇಳಿದನೋ ಅವನಿಗೇ ಗೊತ್ತು. ಕೋಣೆಯಲ್ಲಿದ್ದದ್ದು ಅವನ ಹೆಂಡತಿ, ಮಗಳು ಗುಬ್ಬಿ, ಮೂಲೆಯ ಸಿಂಕಿನಲ್ಲಿ ಬೀಕರು ತೊಳೆಯುತ್ತಿದ್ದ ವಿಜ್ಞಾನದ ಮೇಡಂ, ಮತ್ತು ಕಬ್ಬಿಣದ ಸ್ಟ್ಯಾಂಡಿಗೆ ನೇತುಬಿದ್ದಿದ್ದ ಒಂದು ಅಸ್ಥಿಪಂಜರ. ಮೇಡಂ ಬೀಕರನ್ನು ಇನ್ನಷ್ಟು ಜೋರಾಗಿ ಉಜ್ಜಿದರು.

“ಮೆಲ್ಲಗೆ ಮಾತಾಡಿ. ಅವರಿಗೆ ಕೇಳಿಸುತ್ತೆ” ಎಂದಳು ಹೆಂಡತಿ.

“ಕೇಳಿಸಲಿ ಬಿಡು. ಆ ನಲ್ಲೀಲಿ ನೀರು ಬರೋದು ನೋಡು, ದಾರದ ಎಳೆ ಹಾಗೆ. ಈ ಅಸ್ಥಿಪಂಜರ ನೋಡು, ಕಿರುಬೆರಳೇ ಇಲ್ಲ, ಮಣಿಕಟ್ಟು ಜೋಲಾಡ್ತಿದೆ. ನಮ್ಮ ಕಣ್ಣಿಗೆ ಮಣ್ಣೆರಚೋಕೆ ಯಾವುದೋ ಗುಜರಿ ಸಾಮಾನು ತಂದು ನೇತುಹಾಕಿದಾರೆ.”

ಊರಿನ ಸರ್ಕಾರಿ ಮಾಧ್ಯಮಿಕ ಶಾಲೆಗಳೆಲ್ಲ ಸರದಿಯ ಮೇಲೆ ದಿನಕ್ಕೊಂದರಂತೆ ಪೋಷಕರಿಗೆ ಬಾಗಿಲು ತೆರೆದಿಡುವ ವಾರ ಅದು. ಆರನೇ ತರಗತಿಗೆ ಮಕ್ಕಳನ್ನು ಸೇರಿಸುವವರು ಬಂದು ನೋಡಿ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಬೇರೆ ತಂದೆತಾಯಂದಿರು ಒಂದು ಸುತ್ತು ಹಾಕಿ, ಹೆಡ್‌ಮಾಸ್ಟರಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್ ಆ ಜಾತಿಯವನಲ್ಲ. ಅವನು ಹೋದಲ್ಲೆಲ್ಲ ಬೆಂಚು ಅಲ್ಲಾಡಿಸಿದ, ಸ್ವಿಚ್ಚು ಒತ್ತಿದ, ನಲ್ಲಿ ತಿರುಗಿಸಿದ. ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಚಿಲಕ ಪರೀಕ್ಷಿಸಲು ಹೋಗಿ ಕಾವಲುಗಾರನಿಂದ ಚೆನ್ನಾಗಿ ಉಗಿಸಿಕೊಂಡೂ ಬಂದ. ಮನೆಗೆ ಬಂದ ಮೇಲೆ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು. ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳು ಪಾಳಿ ಬದಲಾಯಿಸಿಕೊಳ್ಳುವುದಕ್ಕೆ ಕೈಕಾಲು ಹಿಡಿಯದ ಜನ ಯಾರೂ ಉಳಿದಿರಲಿಲ್ಲ.

ನಿಜ ಹೇಳಬೇಕೆಂದರೆ ಅವನು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದ. ಊರಿನ ಆ ತುದಿಯಲ್ಲಿ, ಹೊಸ ಬಡಾವಣೆಯಲ್ಲಿರುವ ಶಾಲೆ. ಉಳಿದವನ್ನು, ಮನೆಗೆ ಹತ್ತಿರದ ಇದನ್ನೂ ಸೇರಿಸಿ, ನೋಡುತ್ತಿದ್ದದ್ದು ಅವು ಎಷ್ಟು ಕೆಟ್ಟದಾಗಿವೆ ಎಂದು ಹೆಂಡತಿಗೆ ತೋರಿಸುವುದಕ್ಕೆ. ಆ ಶಾಲೆ ದಿನಾ ಹೋಗಿಬರುವಷ್ಟು ಹತ್ತಿರವಿಲ್ಲ. ಅದರ ಪಕ್ಕದ ಬೀದಿಯಲ್ಲೇ ಅವನ ಅಕ್ಕನ ಮನೆ. ಗುಬ್ಬಿ ಅಲ್ಲೇ ಇದ್ದು ಓದಬೇಕು, ಶನಿವಾರ ಮನೆಗೆ ಬರಬೇಕು ಎಂದು ಅಕ್ಕತಮ್ಮ ಫೋನಿನಲ್ಲೇ ಮಾತಾಡಿ ಮುಗಿಸಿದ್ದರು. ಅಕ್ಕ ಆಗಲೇ ಮಂಚ ಕೊಂಡು ತಂದಿದ್ದಳು.

ಮಂಚದ ಸುದ್ದಿ ಬಂದಾಗಿನಿಂದ ಹುಡುಗಿ ಮಾತು ಕಡಿಮೆ ಮಾಡಿದ್ದಳು. ಅಪ್ಪ ಸಂಜೆ ಕೆಲಸದಿಂದ ಬಂದು ಗ್ರೀಸು ಮೆತ್ತಿದ ಕೈ ಚಾಚಿದಾಗ ಓಡಿಹೋಗಿ ಸೋಪಿನ ನೀರು ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಗ್ರೀಸಿನ ಕೈಯಿಂದ ಸೋಪಿನ ಬಾಟಲಿ ಮುಟ್ಟಿದರೆ ಅಮ್ಮ ಬೈಯುತ್ತಾಳೆಂದು ಚಿಕ್ಕಂದಿನಲ್ಲಿ ಶುರುವಾದ ಕೆಲಸ ಅದು.

“ನಾನು ಓದಿದ ಕಾಲದಲ್ಲೂ ಈ ಲ್ಯಾಬು ಹೀಗೇ ಇತ್ತು. ಇದೇ ಗೋಡೆ, ಇದೇ ವಾಸನೆ” ಎಂದ ಅವನು. “ಇಲ್ಲಿ ಓದಿ ನಾನೇನಾದೆ ಅಂತ ನೋಡ್ತಿದ್ದೀಯಲ್ಲ.”

“ಏನಾಗಿದೀರಿ ಈಗ? ನಾನು ನೋಡಿ ಮೆಚ್ಚಿ ಮದುವೆ ಆಗೋಷ್ಟು ಆಗಿದ್ರಿ.”

“ತಮಾಷೆ ಬೇಡ. ಹೊಸ ಬಡಾವಣೆ ಸ್ಕೂಲಿನ ಅಸ್ಥಿಪಂಜರ ನೆನಪಿದೆಯಾ ನಿನಗೆ? ಒಂದೊಂದು ಮೂಳೇನೂ ಹೇಗೆ ಹೊಳೀತಿತ್ತು! ನೋಡಿದ ಕೂಡಲೇ ಗೊತ್ತಾಗುತ್ತೆ, ಇದು ಓದಿಸೋ ಜಾಗ ಅಂತ.”

“ಅಪ್ಪಾ, ಇದು ಅದೇ” ಎಂದಳು ಗುಬ್ಬಿ.

“ಯಾವುದು ಅದೇ?”

“ಅದೇ ಅಸ್ಥಿಪಂಜರ. ನಿನ್ನೆ ನೋಡಿದ ಸ್ಕೂಲಲ್ಲೂ ಇದೇ ಇತ್ತು. ಬಸ್ಸಲ್ಲಿ ಹೇಳಿದೆ, ನೀನು ಸುಮ್ನಿರು ಅಂದೆ.”

“ಅಸ್ಥಿಪಂಜರ ಎಲ್ಲಾ ಒಂದೇ ತರ ಇರುತ್ತೆ ಪುಟ್ಟಾ.”

ಗುಬ್ಬಿ ಮಂಡಿಯೂರಿ ಕೂತು ಅಸ್ಥಿಪಂಜರದ ಎಡಗಾಲನ್ನು ಹಿಂದಕ್ಕೆ ತಿರುಗಿಸಿದಳು. ಮಂಡಿಚಿಪ್ಪಿನ ಹಿಂದೆ ಸೇಬುಹಣ್ಣಿನ ಮೇಲೆ ಅಂಟಿಸುವ ಪುಟ್ಟ ಹಸಿರು ಸ್ಟಿಕ್ಕರ್ ಇತ್ತು. “ಮೊದಲನೇ ದಿನ ಸೇಬು ತಿಂದು ನಾನೇ ಅಂಟಿಸಿದ್ದು” ಎಂದಳು.

“ಬೇರೆ ಯಾವುದಾದರೂ ಮಗು ಅಂಟಿಸಿರುತ್ತೆ. ಸೇಬು ನೀನೊಬ್ಬಳೇ ತಿಂತೀಯಾ?”

ಹೆಂಡತಿ ಕೈ ಚಾಚಿದಳು. “ಫೋನ್ ಕೊಡಿ ಇಲ್ಲಿ.”

ಹೊಸ ಬಡಾವಣೆಯ ಶಾಲೆಯಲ್ಲಿ ಅವನು ಮಗಳನ್ನು ಅಸ್ಥಿಪಂಜರದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದ. ನೀಲಿ ಪರದೆ, ದೊಡ್ಡ ಕಿಟಕಿ, ಹೊಳೆಯುವ ಟೈಲ್ಸು. ಹೆಂಡತಿ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಅವನ ಮೂಗಿನ ಮುಂದೆ ಹಿಡಿದಳು. ಅಸ್ಥಿಪಂಜರದ ಹಿಗ್ಗಿದ ಕೈಯಲ್ಲಿ ಕಿರುಬೆರಳು ಇರಲಿಲ್ಲ. ಅವನು ಫೋನನ್ನೂ ಅಸ್ಥಿಪಂಜರವನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಕೂಡ ಏನೋ ಹೇಳಲು ಬಾಯಿ ತೆರೆದ.

ಸಿಂಕಿನ ಕಡೆಯಿಂದ ಮೇಡಂ ದನಿ ಬಂತು. “ಒಂದೇ ಸರ್. ಸುತ್ತಮುತ್ತ ಇರೋ ಸ್ಕೂಲಿಗೆಲ್ಲ ಸೇರಿ ಇದೊಂದೇ ಇರೋದು. ಬೆಳಿಗ್ಗೆ ನಾನೇ ಹೋಗಿ ಕಾರಿನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಬಂದೆ. ಬೆಲ್ಟ್ ಹಾಕದಿದ್ರೆ ಬ್ರೇಕ್ ಹೊಡೆದಾಗೆಲ್ಲ ನನ್ನ ಹೆಗಲ ಮೇಲೆ ಬೀಳುತ್ತೆ.” ಅವರು ಕೈ ಒರೆಸಿಕೊಂಡು ತಿರುಗಿದರು. ಮುಖ ಕೆಂಪಾಗಿತ್ತು. “ಬೆರಳು ಎಲ್ಲಿ ಕಳೀತು ಅಂತ ಕೇಳಬೇಡಿ. ಎಲ್ಲರೂ ನಮ್ಮಲ್ಲಿ ಕಳೆದಿಲ್ಲ ಅಂತಾರೆ. ಇನ್ನೊಂದು ಕೊಡಿ ಅಂತ ಕೇಳಿ ಕೇಳಿ ನನಗೂ ಸಾಕಾಯ್ತು. ಬಂದವರೆಲ್ಲ ಇದನ್ನೇ ನೋಡಿ ಅಲ್ಲಿ ಹೊಗಳ್ತಾರೆ, ಇಲ್ಲಿಗೆ ಬಂದು ಬೈತಾರೆ.”

ಅಷ್ಟಕ್ಕಾದರೂ ಮನುಷ್ಯ ಸುಮ್ಮನಾಗಬಹುದಿತ್ತು.

“ಅಸ್ಥಿಪಂಜರ ಒಂದೇ ಆದ ಮಾತ್ರಕ್ಕೆ ಸ್ಕೂಲೂ ಒಂದೇ ಆಗುತ್ತಾ ಮೇಡಂ?” ಎಂದ. “ಅಲ್ಲಿ ಪರದೆ ಇತ್ತು. ಕಿಟಕಿ ಇತ್ತು. ಬೆಂಚು ಅಲ್ಲಾಡ್ತಿರಲಿಲ್ಲ.”

ಹೆಂಡತಿಗೆ ಆಗ ತಡೆದುಕೊಳ್ಳಲು ಆಗಲಿಲ್ಲ. “ಪರದೆ ನೋಡಿ ಮಗಳನ್ನ ಬಿಟ್ಟು ಬರ್ತೀರಾ? ಇಷ್ಟು ದಿನ ನಲ್ಲಿ ತಿರುಗಿಸಿದ್ರಿ, ಚಿಲಕ ಅಲ್ಲಾಡಿಸಿದ್ರಿ, ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿದ್ರಿ. ಇವಳನ್ನ ಒಂದು ಮಾತು ಕೇಳಿದ್ರಾ?” ದನಿ ಗಟ್ಟಿಯಾಯಿತೆಂದು ಅವಳಿಗೇ ಗೊತ್ತಾಯಿತು. ಇಳಿಸಲಿಲ್ಲ. ಮೇಡಂ ಮತ್ತೆ ಸಿಂಕಿನ ಕಡೆ ತಿರುಗಿ, ತೊಳೆದ ಬೀಕರನ್ನೇ ತೊಳೆಯತೊಡಗಿದರು.

ಅವನು ಕೆಳಗೆ ನೋಡಿದ. ಗುಬ್ಬಿ ಇನ್ನೂ ಅಸ್ಥಿಪಂಜರದ ಕಾಲು ಹಿಡಿದುಕೊಂಡೇ ಕೂತಿದ್ದಳು.

“ಏನು ಪುಟ್ಟಾ? ಅತ್ತೆ ಮನೆ ಚೆನ್ನಾಗಿಲ್ವಾ?”

“ಚೆನ್ನಾಗಿದೆ.”

“ಮತ್ತೆ? ಅತ್ತೆ ನಿನ್ನ ಎಷ್ಟು ಚೆನ್ನಾಗಿ ನೋಡ್ಕೋತಾಳೆ.”

“ನೋಡ್ಕೋತಾಳೆ.” ಹುಡುಗಿ ಉಗುರಿನಿಂದ ಸ್ಟಿಕ್ಕರಿನ ಅಂಚು ಕೆರೆದಳು. “ನಾನು ಅಲ್ಲಿದ್ರೆ ಸಂಜೆ ನಿನ್ನ ಕೈಗೆ ಸೋಪು ಯಾರು ಹಾಕ್ತಾರೆ?”

ಹೊರಗೆ ಕಾರಿಡಾರಿನಲ್ಲಿ ಬೇರೊಂದು ಸಂಸಾರ ಜೋರಾಗಿ ಮಾತಾಡುತ್ತ ಹಾದುಹೋಯಿತು. ಅವನು ಅಂಗಿಯ ಜೇಬಿಗೆ ಕೈಹಾಕಿ, ಎಂದೂ ಬಿಟ್ಟಿರದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಅಸ್ಥಿಪಂಜರದ ಮಣಿಕಟ್ಟಿನ ಮೇಲೆ ಬಗ್ಗಿದ.

“ಇಲ್ಲಿ ಬಾ. ಈ ಕೈ ಹಿಡ್ಕೋ. ಗಟ್ಟಿಯಾಗಿ.”

ಗುಬ್ಬಿ ಎದ್ದು ಬಂದು ನಾಲ್ಕು ಬೆರಳಿನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವನು ಅದನ್ನು ಬೈದ, ಊದಿದ, ಬೆರಳಿನಿಂದ ಉಜ್ಜಿದ, ಮತ್ತೆ ಬೈದ. ಕೊನೆಗೆ ಅದು ತಿರುಗುವ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿ ಅದರ ಮೇಲೆ ಮೂಡಿದ ಹೆಸರು ನೋಡಿ, ಫೋನನ್ನು ಅವನ ಕಿವಿಗೆ ಹಿಡಿದಳು.

ಅಕ್ಕನ ದನಿ ಕೋಣೆಗೆಲ್ಲ ಕೇಳಿಸಿತು. “ಏನೋ, ಬಡಗಿ ಬಂದು ಕಾಯ್ತಿದಾನೆ. ಮಂಚ ಕಿಟಕಿ ಕಡೆ ಜೋಡಿಸೋದೋ, ಗೋಡೆ ಕಡೆಗೋ? ಗುಬ್ಬೀನ ಕೇಳಿ ಹೇಳು.”

ಅವನು ಸ್ಕ್ರೂಡ್ರೈವರನ್ನು ಇನ್ನೊಂದು ಸುತ್ತು ತಿರುಗಿಸಿದ. ಮಣಿಕಟ್ಟು ಬಿಗಿಯಾಗಿ ನಿಂತಿತು.

“ಮಂಚ ಜೋಡಿಸಬೇಡ ಅಕ್ಕಾ.”

“ಅಯ್ಯೋ, ಯಾಕೋ?”

“ಆಮೇಲೆ ಹೇಳ್ತೀನಿ. ಕೈ ಕೊಳೆಯಾಗಿದೆ.”

ಹೆಂಡತಿ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮೇಡಂ ಸಿಂಕಿನಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ತುಕ್ಕು ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ಅವನು ಅಲ್ಲಿಗೆ ಹೋಗಿ ನಿಂತ. ಗುಬ್ಬಿ ತುದಿಗಾಲಲ್ಲಿ ನಿಂತು ಕಿಟಕಿಯ ಕಟ್ಟೆಯ ಮೇಲಿದ್ದ ಸೋಪಿನ ಬಾಟಲಿ ಎಟುಕಿಸಿಕೊಂಡಳು, ಅವನ ಅಂಗೈಗೆ ಹಿಂಡಿದಳು, ನಲ್ಲಿ ತಿರುಗಿಸಿದಳು. ನೀರು ಸಣ್ಣಗೆ ಬಂತು. ಅವನು ನಲ್ಲಿಯ ಬಗ್ಗೆ ಏನೂ ಹೇಳದೆ ಕೈ ತೊಳೆಯುತ್ತ ನಿಂತ.