ಟೇಪು ಓಡುವಾಗ ನಡೆಯಬಾರದು

ಅಪ್ಪನ ಹಳೇ ಕಂಪ್ಯೂಟರ್‌ಗೂ ನಮ್ಮ ಹೊಸ ಟಿವಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ನಡುವೆ ಸಿಗಿಸುವ ಕನ್ವರ್ಟರ್ ಬದಲಾಯಿಸಿ ಬದಲಾಯಿಸಿ ನನ್ನ ತಲೆ ಕೆಟ್ಟು ಕೆರ ಹಿಡಿದ ಮೇಲೆ, ಅಂತೂ ಚಿತ್ರ ಅಲುಗಾಡದೆ ನಿಂತಿತು.

ಅಪ್ಪನ ಆಟಗಳೆಲ್ಲ ಕ್ಯಾಸೆಟ್ಟಿನಲ್ಲಿದ್ದವು. ಅವನ್ನು ಮೆಮೊರಿ ಕಾರ್ಡಿಗೆ ಇಳಿಸಿದ್ದೆ. ಹಿಂದೆಲ್ಲ ಆಟ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತುಂಬಿಕೊಳ್ಳಲು ನಿಮಿಷಗಟ್ಟಲೆ ಬೇಕಿತ್ತು; ಟೇಪು ಓಡುವಷ್ಟು ಹೊತ್ತೂ ಮನೆಯಲ್ಲಿ ಯಾರೂ ಹೆಜ್ಜೆ ಎತ್ತುವಂತಿರಲಿಲ್ಲ. ಮರದ ನೆಲ ಅದುರಿದರೆ ಆಟ ಅರ್ಧಕ್ಕೇ ಕೆಟ್ಟು, ಮತ್ತೆ ಮೊದಲಿಂದ ಶುರು. ಅಮ್ಮ ಅಡುಗೆಮನೆ ಬಾಗಿಲಲ್ಲೇ ಕಂಬದ ಹಾಗೆ ನಿಂತಿರುತ್ತಿದ್ದಳು; ಆಟ ಶುರುವಾದ ಮೇಲೂ ಅಲ್ಲಿಂದಲೇ ನೋಡುತ್ತಿದ್ದಳು.

ಕಾರ್ಡ್ ಹಾಕಿದೆ. ಅಭ್ಯಾಸಬಲದಿಂದ ಅಪ್ಪ ಕೈ ಎತ್ತಿದರು. "ಯಾರೂ ಅಲ್ಲಾಡ್ಬೇಡಿ."

ಅಮ್ಮ ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಅಪ್ಪನ ಕೈ ಇಳಿಯುವ ಮೊದಲೇ ಆಟ ಟಿವಿಯಲ್ಲಿ ಬಂದಿತ್ತು.

"ಇಷ್ಟೇನಾ?" ಅಪ್ಪ ಪೆಚ್ಚಾದರು.

"ಇಷ್ಟೇ. ಇನ್ಮೇಲೆ ಯಾರು ಕುಣಿದ್ರೂ ಏನೂ ಆಗಲ್ಲ," ಎಂದೆ.

ಅಮ್ಮ ಸೌಟು ಒಳಗಿಟ್ಟು, ಬೇಕೆಂದೇ ನೆಲ ಅದುರುವ ಹಾಗೆ ದಪದಪ ನಡೆದು ಬಂದು ಅಪ್ಪನ ಕುರ್ಚಿಯ ಪಕ್ಕ ನಿಂತಳು.

"ಏಳಿ," ಎಂದಳು. "ಬಾಗಿಲಲ್ಲಿ ನಿಂತು ನೋಡಿ ನೋಡಿ, ಈ ಆಟ ನಂಗೆ ನಿಮಗಿಂತ ಚೆನ್ನಾಗಿ ಬರುತ್ತೆ."